ಬದುವಿನ ಮರವನ್ನು ಅಳಿಸಿದ ಓರಣ ಮಹಾಶಯರಿಗೆ

ತೆಂಗು ಬೆಳೆಗಾರರ ನೀರಿನ ಸಂಘದ ಕಚೇರಿ
ಹಿಟ್ಟಿನ ಗಿರಣಿಯ ಮಹಡಿ, ಹುಳಿಯಾರು

ಮಾನ್ಯರೇ,

ತೆಂಗಿನ ಸುಳಿಯಲ್ಲಿ ಕೂತ ಗಿಣಿಯಿಂದ ಹಿಡಿದು ಬುಡದಲ್ಲಿ ಮಲಗಿದ ನಾಯಿಯವರೆಗೆ ಈ ಸೀಮೆಯ ಸಮಸ್ತರ ಪರವಾಗಿ ತಮಗೆ ಅನಂತ ವಂದನೆಗಳು. ನನಗೆ ಕೈಗಳಿರುವುದರಿಂದ ಕೈ ಮುಗಿದಿದ್ದೇನೆ. ತಮಗೆ ಕಾಲುಗಳಿಲ್ಲದಿರುವುದರಿಂದ ಕಾಲಿಗೆ ಬೀಳುವುದನ್ನು ಸದ್ಯಕ್ಕೆ ಬಾಕಿ ಇಟ್ಟುಕೊಂಡಿದ್ದೇನೆ. ತಾವು ಕಂಪ್ಯೂಟರಿನೊಳಗೆ ಕ್ಷೇಮವಾಗಿದ್ದೀರೆಂದೂ, ಕರೆಂಟು ಹೋದಾಗ ಮಾತ್ರ ಸ್ವಲ್ಪ ವಿಶ್ರಾಂತಿ ಪಡೆಯುತ್ತೀರೆಂದೂ ನಂಬಿದ್ದೇನೆ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಆದರೆ ಕ್ಷೇಮವಾಗಿದ್ದವರು ಈ ಪತ್ರವನ್ನು ಬರೆಯುತ್ತಿರಲಿಲ್ಲ.

ತಾವು ಯಾರು, ಏನು ಕೆಲಸ ಮಾಡುತ್ತೀರಿ ಎಂಬುದು ಈ ಬಹಿರಂಗ ಪತ್ರವನ್ನು ಓದುವ ಮಹಾಜನರಿಗೆ ಗೊತ್ತಿರಲಾರದ ಕಾರಣ ಎರಡು ಮಾತು ಹೇಳುತ್ತೇನೆ. ಬೋರನಕಣಿವೆಯ ಆಸುಪಾಸಿನಲ್ಲಿ, ಕಂದಿಕೆರೆ, ಕೆಂಕೆರೆಯ ಕಡೆ, ತೆಂಗಿನ ತೋಟಗಳಿಗೆ ಹನಿ ನೀರು ಬಿಡುವ ಕೆಲಸವನ್ನು ನಮ್ಮ ಸಂಘ ಕಂಪ್ಯೂಟರಿಗೆ ಒಪ್ಪಿಸಿದೆ. ತೋಟಕ್ಕೊಂದು ಕಾನ್ಫಿಗ್ ಫೈಲು. ಯಾವ ವಾಲ್ವು ಯಾವಾಗ ತೆರೆಯಬೇಕು, ಯಾವ ಮರದ ಬುಡಕ್ಕೆ ಎಷ್ಟು ಹೊತ್ತು ನೀರು ಬೀಳಬೇಕು ಎಂಬುದೆಲ್ಲ ಆ ಫೈಲಿನಲ್ಲಿ ಮರಕ್ಕೊಂದು ಸಾಲಿನಂತೆ ಬರೆದಿರುತ್ತದೆ. ಫೈಲಿನಲ್ಲಿದ್ದ ಮರಕ್ಕೆ ನೀರುಂಟು, ಇಲ್ಲದ ಮರಕ್ಕೆ ಇಲ್ಲ. ಈ ಫೈಲುಗಳನ್ನು ನೋಡಿಕೊಳ್ಳುವವನು ನಾನು. ಅವುಗಳನ್ನು ಒಪ್ಪವಾಗಿ ಜೋಡಿಸಿಡಲು ತುರುವೇಕೆರೆಯ ಇಂಜಿನಿಯರ್ ವರ್ಷಿಣಿಯವರು ತಂದು ಕೂರಿಸಿದ ತಂತ್ರಾಂಶವೇ ತಾವು. ಓರಣ ಎಂದು ಹೆಸರಿಟ್ಟವರೂ ಅವರೇ.

ತಾವು ಬರುವ ಮುಂಚೆ ನಮ್ಮ ಫೈಲುಗಳು ಹೇಗಿದ್ದವೆಂಬುದನ್ನು ಮುಚ್ಚಿಟ್ಟು ತಮ್ಮ ಮೇಲೆ ದೂರು ಹೇಳುವುದು ಧರ್ಮವಲ್ಲ. ಆಯಾ ಊರಿನಲ್ಲಿ ಯಾರಿಗೆ ಕೀಬೋರ್ಡಿನ ಮೇಲೆ ಬೆರಳಾಡಿಸಲು ಬರುತ್ತಿತ್ತೋ ಅವರೇ ಟೈಪು ಮಾಡಿದ ಫೈಲುಗಳವು. ಕಂದಿಕೆರೆಯವರು ಸಾಲನ್ನು ಅಂಚಿನಿಂದ ಅರ್ಧ ಪರದೆಯಷ್ಟು ಒಳಗೆ ತಳ್ಳಿ ಶುರು ಮಾಡುತ್ತಿದ್ದರು. ಕೆಂಕೆರೆಯವರು ಅಂಚಿಗೇ ಅಂಟಿಸುತ್ತಿದ್ದರು. ವಾಲ್ವು ತೆರೆಯಬೇಕು ಎನ್ನಲು ಒಬ್ಬರು ‘ಆನ್’ ಎಂದು ಬರೆದರೆ ಇನ್ನೊಬ್ಬರು ‘ಯೆಸ್’ ಎಂದೂ, ಮತ್ತೊಬ್ಬರು ‘ಹೂಂ’ ಎಂದೂ ಬರೆದಿದ್ದರು. ಯಾರೋ ಪುಣ್ಯಾತ್ಮರು ಪ್ರತಿ ಸಾಲಿನ ಕೊನೆಗೂ ಒಂದು ಅಲ್ಪವಿರಾಮ ಹಾಕಿದ್ದರು. ಏಕೆಂದು ಕೇಳಿದ್ದಕ್ಕೆ, ಇನ್ನೂ ಮುಂದೆ ಮರ ಇದೆಯಲ್ಲ ಎಂದರು. ಇದರ ದೆಸೆಯಿಂದ ಒಂದು ಸಲ ವಾಲ್ವು ಮುಚ್ಚದೆ ಕೆಂಕೆರೆಯ ಓಣಿಯೆಲ್ಲ ಕೆಸರಾಗಿ, ಹಾಲಿನ ಕ್ಯಾನಿನವನು ಜಾರಿಬಿದ್ದದ್ದೂ ನಿಜ. ಆಗಲೇ ವರ್ಷಿಣಿಯವರು, “ಅಣ್ಣಾ, ಇದನ್ನ ಕೈಯಲ್ಲಿ ಸರಿ ಮಾಡ್ತಾ ಕೂತ್ರೆ ನಿಮ್ ತಲೆ ಕೂದ್ಲೆಲ್ಲ ಹೋಯ್ತದೆ” ಎಂದು, ಉಳಿದಿದ್ದ ಕೂದಲಿನ ಮೇಲಿನ ಕರುಣೆಯಿಂದ ತಮ್ಮನ್ನು ಕರೆತಂದದ್ದು.

ತಾವು ಬಂದಿರಿ. ನಾನು ಒಂದು ಲೋಟ ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ನಾಲ್ಕು ದಿಕ್ಕಿನ ಫೈಲುಗಳೂ ಪ್ರಾರ್ಥನೆಗೆ ನಿಂತ ಶಾಲಾಮಕ್ಕಳಂತೆ ಸಾಲಾಗಿ ನಿಂತಿದ್ದವು. ಹೂಂ ಎಂದವರೂ ಆನ್ ಆದರು. ಹೆಚ್ಚಿನ ಅಲ್ಪವಿರಾಮಗಳು ಎಲ್ಲಿಗೆ ಹೋದವೋ ತಿಳಿಯದು. ಸಾಲುಗಳೆಲ್ಲ ಅಕಾರಾದಿಯಾಗಿ ಕೂತವು. ಆ ಚೆಲುವನ್ನು ಕಂಡು ನನ್ನ ಕಣ್ಣು ತುಂಬಿ ಬಂದದ್ದನ್ನು ನಾನು ಅಲ್ಲಗಳೆಯುವುದಿಲ್ಲ.

ಸಣ್ಣಪುಟ್ಟ ವಿಷಯಗಳನ್ನು ನಾನು ಎತ್ತುವವನೂ ಅಲ್ಲ. ಕಂದಿಕೆರೆಯ ಒಂದು ವಾಲ್ವಿನ ಸಾಲಿನ ಮೇಲೆ, “ಇಲ್ಲಿ ನಾಗರಹಾವಿನ ಹುತ್ತ ಇದೆ, ಜೋಪಾನ” ಎಂದು ಯಾರೋ ಟಿಪ್ಪಣಿ ಬರೆದಿಟ್ಟಿದ್ದರು. ತಾವು ಸಾಲುಗಳನ್ನು ಅಕಾರಾದಿಗೆ ಸರಿಸುವ ಭರದಲ್ಲಿ ವಾಲ್ವನ್ನು ಒಂದು ಕಡೆ ಕಳಿಸಿ, ಹಾವನ್ನು ಅದೇ ಫೈಲಿನಲ್ಲಿದ್ದ ನಮ್ಮ ಕಚೇರಿಯ ನಲ್ಲಿಯ ಸಾಲಿನ ಮೇಲೆ ತಂದು ಕೂರಿಸಿದಿರಿ. ಅಂದಿನಿಂದ ನಮ್ಮ ಗುಮಾಸ್ತೆ ಅನಿತಾ ಆ ನಲ್ಲಿಯಲ್ಲಿ ಟಿಫನ್ ಡಬ್ಬಿ ತೊಳೆಯುವುದನ್ನು ಬಿಟ್ಟು ಕೆಳಗೆ ಗಿರಣಿಗೆ ಇಳಿದುಹೋಗುತ್ತಿದ್ದಾರೆ. ಮಹಡಿಯ ಮೇಲೆ ಹುತ್ತ ಹೇಗೆ ಬೆಳೆಯುತ್ತದಮ್ಮ ಎಂದರೆ, “ಕಂಪ್ಯೂಟರ್ ಸುಳ್ಳು ಹೇಳಲ್ಲ ಅಂತ ನೀವೇ ಅಲ್ವೇನ್ರೀ ಹೇಳಿದ್ದು?” ಎನ್ನುತ್ತಾರೆ. ಇರಲಿ. ಹಾವಿಗೂ ಸ್ಥಳ ಬದಲಾವಣೆ ಬೇಕಾಗಿತ್ತೇನೋ.

ನನ್ನ ದೂರು ಬದುವಿನ ಮರದ್ದು.

ಮಾನ್ಯರೇ, ಕೆಂಕೆರೆಯಲ್ಲಿ ಬೀರಲಿಂಗಯ್ಯ ಎಂಬ ಹಿರಿಯರ ತೋಟವೂ ಶಿವರುದ್ರಮ್ಮ ಎಂಬ ಹಿರಿಯರ ತೋಟವೂ ಒಂದಕ್ಕೊಂದು ತಾಗಿಕೊಂಡಿವೆ. ನಡುವೆ ಒಂದು ಬದು. ಬದುವಿನ ಮೇಲೆ ಒಂದು ತೆಂಗಿನ ಮರ. ಅದನ್ನು ನೆಟ್ಟವರು ಯಾರೆಂದು ಕೇಳಿದರೆ ಬೀರಲಿಂಗಯ್ಯನವರು ತಮ್ಮ ಅಪ್ಪ ಎನ್ನುತ್ತಾರೆ, ಶಿವರುದ್ರಮ್ಮನವರು ತಮ್ಮ ಮಾವ ಎನ್ನುತ್ತಾರೆ. ಆದರೆ ಯಾರೂ ಕೇಳುವುದಿಲ್ಲ. ಕೇಳದಿರುವುದೇ ಅಲ್ಲಿಯ ಕ್ರಮ. ಕಾಯಿ ಕೀಳುವ ಕೆಂಚಯ್ಯ ಆ ಮರ ಹತ್ತಿದಾಗ ಒಂದು ಗೊನೆಯನ್ನು ಈ ಕಡೆಗೆ, ಮುಂದಿನ ಗೊನೆಯನ್ನು ಆ ಕಡೆಗೆ ಬೀಳಿಸುತ್ತಾನೆ. ಒಂದು ಹೆಚ್ಚಾಗಿ ಉಳಿದರೆ ತಾನೇ ಒಯ್ಯುತ್ತಾನೆ. ಮರವೇನೋ ಇಬ್ಬರಿಂದಲೂ ನೀರು ಕುಡಿದು, ಸೀಮೆಯಲ್ಲೇ ಇಲ್ಲದಷ್ಟು ಕಾಯಿ ಬಿಡುತ್ತದೆ. ಸಂಘದ ಕಂಪ್ಯೂಟರು ಬಂದಾಗಲೂ ಇಬ್ಬರೂ ತಮ್ಮ ತಮ್ಮ ಮರಗಳನ್ನು ಬರೆಸುತ್ತ ಆ ಮರವನ್ನೂ ಬರೆಸಿದರು. ಹಾಗಾಗಿ ಬದುವಿನ ಮರದ ಸಾಲು ಎರಡು ಫೈಲುಗಳಲ್ಲಿ ಇತ್ತು. ಒಬ್ಬರ ಫೈಲನ್ನು ಇನ್ನೊಬ್ಬರು ನೋಡುವ ಪದ್ಧತಿ ಇಲ್ಲದ್ದರಿಂದ ಎಲ್ಲರಿಗೂ ಸುಖವಾಗಿತ್ತು.

ತಾವು ನೋಡಿದಿರಿ. ಒಂದೇ ಸಾಲು ಎರಡು ಕಡೆ ಇರುವುದನ್ನು ಕಂಡು ತಮ್ಮ ಓರಣಪ್ರಿಯವಾದ ಮನಸ್ಸಿಗೆ ಎಷ್ಟು ನೋವಾಯಿತೋ! ಬೀರಲಿಂಗಯ್ಯನವರ ಹೆಸರು ಅಕಾರಾದಿಯಲ್ಲಿ ಮೊದಲು ಬರುವುದರಿಂದ ಅವರ ಫೈಲಿನಲ್ಲಿ ಮರವನ್ನು ಉಳಿಸಿ, ಶಿವರುದ್ರಮ್ಮನವರ ಫೈಲಿನಲ್ಲಿ ಅಳಿಸಿದಿರಿ. ಎರಡು ತಲೆಮಾರು ಯಾರೂ ಕೇಳದೆ ಬಿಟ್ಟಿದ್ದ ಪ್ರಶ್ನೆಗೆ, ಸಾಕ್ಷಿಯಿಲ್ಲ, ಸರ್ವೆಯಿಲ್ಲ, ವಕೀಲರಿಲ್ಲ, ಒಂದು ಚಿಟಿಕೆಯಲ್ಲಿ ತೀರ್ಪು ಕೊಟ್ಟಿರಿ. ಇಷ್ಟು ಬೇಗ ತೀರ್ಪು ಕೊಡುವ ತಮ್ಮನ್ನು ಇನ್ನೂ ಯಾವ ದೊಡ್ಡ ಪೀಠದಲ್ಲೂ ಕೂರಿಸದೆ ಹಿಟ್ಟಿನ ಗಿರಣಿಯ ಮಹಡಿಯಲ್ಲಿ ಧೂಳು ಕುಡಿಸುತ್ತಿರುವುದು ನಾಡಿನ ದೌರ್ಭಾಗ್ಯ.

ತೀರ್ಪಿನ ಪ್ರತಿಯೂ ಹೋಯಿತು. ಫೈಲಿನಲ್ಲಿ ಮರ ಸೇರಿದರೂ, ತೆಗೆದರೂ, ಖಾಯಂ ಆದರೂ ಬೆಳೆಗಾರರ ಮೊಬೈಲಿಗೆ ತಾನಾಗಿ ಸಂದೇಶ ಹೋಗುತ್ತದೆ. ಶಿವರುದ್ರಮ್ಮನವರು ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಾಗ ಫೋನು ಗುಣುಗುಟ್ಟಿತಂತೆ. “ತಮ್ಮ ತೋಟದಿಂದ ಒಂದು ಮರವನ್ನು ತೆಗೆಯಲಾಗಿದೆ. ಸಹಕಾರಕ್ಕೆ ಧನ್ಯವಾದಗಳು.” ಮುದ್ದೆಯ ಕೋಲನ್ನು ಕೈಯಲ್ಲಿ ಹಿಡಿದೇ ಆ ತಾಯಿ ತೋಟಕ್ಕೆ ಓಡಿದರು. ಯಾವನೋ ಗರಗಸ ಹಾಕಿದ್ದಾನೆ ಎಂದು ಸಾಲು ಸಾಲಿಗೂ ಎಣಿಸಿ ನೋಡಿದರೆ ಮರಗಳೆಲ್ಲ ನಿಂತಲ್ಲೇ ನಿಂತಿವೆ. ಮರ ನಿಂತಿದೆ, ತೆಗೆದಾಗಿದೆ ಎನ್ನುತ್ತಾರೆ, ತನ್ನ ಸಹಕಾರವೂ ಇದೆ ಎನ್ನುತ್ತಾರೆ. ಯಾವುದೆಂದು ಮಾತ್ರ ತಿಳಿಯದು. ಅಷ್ಟರಲ್ಲಿ ಬದುವಿನ ಆಚೆಯಿಂದ ಬೀರಲಿಂಗಯ್ಯನವರು, ಕಪಟವೇ ಅರಿಯದ ಮನುಷ್ಯ, ತಮ್ಮ ಫೋನನ್ನೂ ಎತ್ತಿ ತೋರಿಸಿದರು: “ನೋಡು ರುದ್ರಕ್ಕ, ನಂಗೂ ಒಂದು ಬಂದೈತೆ. ಬದುವಿನ ಮರ ಖಾಯಂ ಮಾಡೈತಂತೆ ನಂಗೆ. ಯಾಕಂತ ಗೊತ್ತಿಲ್ಲ ಕಣವ್ವ.”

ಶಿವರುದ್ರಮ್ಮನವರಿಗೆ ಯಾಕೆಂದು ಗೊತ್ತಾಯಿತು. ಅಂದರೆ, ಗೊತ್ತಾಯಿತೆಂದು ಅಂದುಕೊಂಡರು. ಮಧ್ಯಾಹ್ನದ ಬಸ್ಸಿಗೆ ನಮ್ಮ ಮಹಡಿ ಹತ್ತಿ ಬಂದರು.

“ಯಾವನ್ಲಾ ಮಾಂತೇಶ ನನ್ನ ಮರ ತೆಗ್ದೋನು?”

ನಾನು ತಮ್ಮನ್ನು ತೋರಿಸಿದೆ. ಅವರು ಪರದೆಯನ್ನೂ, ಪರದೆಯ ಹಿಂಭಾಗವನ್ನೂ ನೋಡಿದರು.

“ಈ ಮಿಷನ್ನು ನಮ್ಮ ತೋಟ ನೋಡೈತಾ?”

“ಇಲ್ಲ ಅಮ್ಮ.”

“ಬೀರಣ್ಣನ ಮನೇಲಿ ಕಾಫಿ ಕುಡ್ದೈತಾ?”

“ಅದು ಏನೂ ಕುಡಿಯಲ್ಲಮ್ಮ.”

“ಮತ್ಯಾಕೆ ಅವ್ನ ಕಡೆ ತೀರ್ಮಾನ ಮಾಡ್ತು?”

ಅಕಾರಾದಿ ಎಂಬುದನ್ನು ನಾನು ಬಿಡಿಸಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, “ಹಂಗಾದ್ರೆ ನಮ್ಮಪ್ಪ ನಂಗೆ ಅನ್ನಪೂರ್ಣ ಅಂತ ಹೆಸರಿಕ್ಕಿದ್ರೆ ಬೋರನಕಣಿವೆ ಕೆರೇನೂ ನಂದೇ ಆಗ್ತಿತ್ತು ಅನ್ನು” ಎಂದರು. ಮಾನ್ಯರೇ, ಇದಕ್ಕೆ ತಮ್ಮ ಬಳಿ ಉತ್ತರವಿದ್ದರೆ ಮರುಟಪಾಲಿನಲ್ಲಿ ತಿಳಿಸಿ.

ಒಂದು ಮರಕ್ಕೆ ಇಷ್ಟು ರಂಪವೇ ಎಂದು ತಾವು ಕೇಳಬಹುದು. ನಡೆದದ್ದು ಮರಕ್ಕೇ ಮುಗಿಯಲಿಲ್ಲ. ಶಿವರುದ್ರಮ್ಮನವರು ಹಳೆಯ ಮನೆ ಕೆಡವಿ ತಾರಸಿ ಮನೆ ಕಟ್ಟಿಸಿದ ಮೇಲೆ ಅವರಿಗೆ ಅಟ್ಟವಿಲ್ಲ. ನಮ್ಮ ಕಡೆಯ ಉಂಡೆ ಕೊಬ್ಬರಿ ಆಗುವುದೇ ಅಟ್ಟದ ಮೇಲೆ. ಸಿಪ್ಪೆ ಸಮೇತ ಕಾಯಿಯನ್ನು ಏರಿಸಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಕುಲುಕಿದರೆ ಗುಂಡಿನಂತೆ ಸದ್ದು ಮಾಡುವವರೆಗೆ ಹೆಚ್ಚುಕಡಿಮೆ ವರ್ಷವಿಡೀ ಕಾಯಬೇಕು. ಶಿವರುದ್ರಮ್ಮನವರ ವರ್ಷದ ಬೆಳೆಯೆಲ್ಲ ಬೀರಲಿಂಗಯ್ಯನವರ ಅಟ್ಟದ ಮೇಲಿದೆ. ಇನ್ನೂ ಕುಲುಕಿದರೆ ನೀರಿನ ಸದ್ದೇ ಬರುತ್ತದೆ. ಹೊರಗೆ ಸೋನೆ ಮಳೆ. ಅಂಥ ಹೊತ್ತಿನಲ್ಲಿ ಅವರು ನನ್ನ ಮೇಜಿನ ಮೇಲೆ ಅಂಗೈ ಊರಿ, “ನನ್ನ ಮರ ತಗೊಂಡೋನ ಸೂರಿನಡಿ ನನ್ನ ಕಾಯಿ ಇರಕೂಡ್ದು. ಸೋಮವಾರ ಟ್ರ್ಯಾಕ್ಟರ್ ತತ್ತೀನಿ, ಇಳಿಸ್ಕೊಂಡು ಬತ್ತೀನಿ” ಎಂದರು. ಅರ್ಧ ಒಣಗಿದ ಕಾಯಿಯನ್ನು ಇಳಿಸಿ ಜಗಲಿಯ ಮೇಲೆ ಟಾರ್ಪಾಲಿನಡಿ ಹಾಕಿದರೆ ಅದು ತಿಪಟೂರಿನ ಮಾರುಕಟ್ಟೆ ಕಾಣುವುದಿಲ್ಲ, ಬೂಷ್ಟು ಹಿಡಿದು ತಿಪ್ಪೆ ಕಾಣುತ್ತದೆ. ಅವರಿಗೂ ಅದು ಗೊತ್ತು. ಗೊತ್ತಿದ್ದೇ ಹೇಳಿದರು.

ಮರುದಿನ ಬೆಳಿಗ್ಗೆಯೇ ನಾನು ಅಳಿಸಿದ್ದ ಸಾಲನ್ನು ಅವರ ಫೈಲಿಗೆ ಮತ್ತೆ ಸೇರಿಸಿದೆ. ತಾವು ಅಳಿಸಿದಿರಿ. ಸೇರಿಸಿದೆ; ಅಳಿಸಿದಿರಿ. ಊಟಕ್ಕೆ ಹೋದಾಗ ತಾವೂ ಊಟಕ್ಕೆ ಹೋಗಿರಬಹುದೆಂದು ಬೇಗ ಬಂದು ಸೇರಿಸಿದೆ, ತಾವು ಹೋಗಿರಲಿಲ್ಲ. ತಮ್ಮ ಶ್ರದ್ಧೆಯನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಪ್ರತಿ ಸಲವೂ ಕೆಂಕೆರೆಯಲ್ಲಿ ಆ ತಾಯಿಯ ಫೋನು ಗುಣುಗುಟ್ಟುತ್ತಿತ್ತು. ಸಂಜೆ ಅವರೇ ಫೋನು ಮಾಡಿದರು: “ಬೆಳಗಿಂದ ನನ್ನ ಮರ ಬತ್ತದೆ ಓಯ್ತದೆ, ಬತ್ತದೆ ಓಯ್ತದೆ. ತೋಟ ಏನ್ಲಾ ಅದು, ಬಸ್ ಸ್ಟ್ಯಾಂಡಾ?”

ಕೊನೆಗೆ ವರ್ಷಿಣಿಯವರಿಗೆ ಮೊರೆ ಹೋದೆ. ತಮ್ಮ ಸ್ವಭಾವವನ್ನು ಬಲ್ಲ ಅವರು ನಕ್ಕು, “ಅಣ್ಣಾ, ಫೈಲಿನ ತಲೇಲಿ ‘ಓರಣ, ಇದನ್ನು ಮುಟ್ಟಬೇಡ’ ಅಂತ ಒಂದು ಸಾಲು ಹಾಕಿ. ಬಿಟ್ಟುಬಿಡ್ತದೆ. ಆದ್ರೆ ಪಕ್ಕದಲ್ಲಿ ಕಾರಣ ಬರೀಬೇಕು. ಕಾರಣ ಇಲ್ದೆ ಅದು ಯಾರ ಮಾತೂ ಕೇಳಲ್ಲ” ಎಂದರು. ಬರೆದ ಕಾರಣವನ್ನು ಸಂಘದ ಸದಸ್ಯರೆಲ್ಲ ತಮ್ಮ ಮೊಬೈಲಿನಲ್ಲಿ ನೋಡಬಹುದು ಎಂಬುದನ್ನೂ ಸೇರಿಸಿದರು.

ಮಾನ್ಯರೇ, ನಾನು ಬೆವೆತದ್ದು ಇಲ್ಲಿ. ಯಾವ ಕಾರಣ ಬರೆಯಲಿ? ಮರ ಶಿವರುದ್ರಮ್ಮನವರದೂ ಹೌದು ಎಂದು ಬರೆದರೆ, ಅಲ್ಲಿಯವರೆಗೆ ಸುಮ್ಮನಿದ್ದ ಬೀರಲಿಂಗಯ್ಯನವರ ಕಡೆಯವರು ಎದ್ದು ನಿಲ್ಲುತ್ತಾರೆ. ವಿವಾದವಿದೆ ಎಂದು ಬರೆದರೆ, ಇಲ್ಲದ ವಿವಾದಕ್ಕೆ ನಾನೇ ನಾಮಕರಣ ಮಾಡಿದಂತಾಗುತ್ತದೆ. ಜಂಟಿ ಎಂದು ಬರೆಯೋಣವೇ ಎಂದೆ, ಅದನ್ನು ಕೇಳಿದ ಅನಿತಾ, “ಜಂಟಿ ಅಂದ್ಮೇಲೆ ಭಾಗ ಆಗ್ಬೇಕಲ್ರೀ, ಮರನ ಉದ್ದಕ್ಕೆ ಸೀಳ್ತಾರಾ, ಅಡ್ಡಕ್ಕಾ?” ಎಂದರು. ಹೀಗೆ ಕಾರಣ ಸಿಗದೆ ಶನಿವಾರವೂ ಬಂತು. ಇಬ್ಬರನ್ನೂ ಕಚೇರಿಗೆ ಕರೆಸಿದೆ.

ಬೆಂಚಿನ ಆ ತುದಿಯಲ್ಲಿ ಬೀರಲಿಂಗಯ್ಯನವರು ಕೂತರು. ಈ ತುದಿಯಲ್ಲಿ ಶಿವರುದ್ರಮ್ಮನವರು ಗೋಡೆಯ ಕಡೆ ಮುಖ ಮಾಡಿ ಕೂತರು. ಇಬ್ಬರೂ ಒಬ್ಬರಿಗೊಬ್ಬರು ಹೇಳಬೇಕಾದ್ದನ್ನು ನನಗೆ ಹೇಳಿದರು.

“ನಾನು ಅರ್ಜಿ ಗಿರ್ಜಿ ಏನೂ ಕೊಟ್ಟಿಲ್ಲ ಅಂತ ಹೇಳಪ್ಪ ಆಯಮ್ಮಂಗೆ.”

“ಕೊಟ್ಟಿದ್ರೆ ಕೊಟ್ಟೆ ಅಂತ ಯಾರು ಹೇಳ್ತಾರೆ ಅಂತ ಕೇಳು ಅವ್ರನ್ನ.”

“ಮರ ನಂದು ಅಂತ ನಾನ್ ಯಾವತ್ತಾದ್ರೂ ಅಂದಿದ್ದೀನಾ, ಕೇಳು.”

“ನಿಂದಲ್ಲ ಅಂತಾನೂ ಅಂದಿಲ್ವಲ್ಲ, ಕೇಳು!”

“ನೀನ್ ಅಂದಿದ್ದೀಯಾ?”

ಈ ಕೊನೆಯ ಪ್ರಶ್ನೆ ನನ್ನನ್ನು ದಾಟಿ ನೇರವಾಗಿ ಹೋಯಿತು. ಶಿವರುದ್ರಮ್ಮನವರು ಗೋಡೆಯನ್ನು ಬಿಟ್ಟು ತಿರುಗಿದರು. ನಾನು ಸಮಯ ನೋಡಿ, ಯಾರ ಮರ ಎಂಬ ಮಾತನ್ನೇ ಎತ್ತದೆ, ಅದು ಎರಡೂ ಫೈಲಿನಲ್ಲಿ ಏಕೆ ಇರಬೇಕು ಎಂಬುದಕ್ಕೆ ಒಂದು ಕಾರಣ ಹೇಳಿ, ಸಾಕು, ಎಂದೆ. ಇಬ್ಬರೂ ಯೋಚಿಸಿದರು.

“ಮರಕ್ಕೆ ವಯಸ್ಸಾಗೈತೆ ಅಂತ ಬರಿ” ಎಂದರು ಬೀರಲಿಂಗಯ್ಯನವರು.

“ವಯಸ್ಸಾಗೈತೆ ಅಂದ್ರೆ ಕಡೀರಿ ಅಂತಾರೆ. ಬುಡು” ಎಂದರು ಶಿವರುದ್ರಮ್ಮನವರು. “ಅದಕ್ಕೆ ನೀರು ಜಾಸ್ತಿ ಬೇಕು ಅಂತ ಬರಿ.”

“ಜಾಸ್ತಿ ಅಂದ್ರೆ ಮಿಕ್ಕೋರೂ ಜಾಸ್ತಿ ಕೇಳ್ತಾರೆ ಕಣಕ್ಕ. ಕಂದಿಕೆರೆಯೋರು ಗೊತ್ತಲ್ಲ?”

“ಗೊತ್ತು ಗೊತ್ತು.” ಇಬ್ಬರೂ ಕಂದಿಕೆರೆಯವರ ವಿಷಯದಲ್ಲಿ ಸ್ವಲ್ಪ ಹೊತ್ತು ಒಂದಾದರು. ಆಮೇಲೆ ಶಿವರುದ್ರಮ್ಮನವರು ಸೆರಗು ಸರಿಮಾಡಿಕೊಂಡು, ಒಂದೊಂದೇ ಮಾತು ಬಿಡಿಸಿ ಹೇಳಿದರು: “ಆ ಮರಕ್ಕೆ, ಎರಡು ಕಡೆಯಿಂದ ನೀರು ಕುಡ್ದು, ರೂಢಿ. ಅಷ್ಟೇ ಬರಿ.”

ಬೀರಲಿಂಗಯ್ಯನವರು ತಲೆ ತೂಗಿ, “ಸುಳ್ಳೇನಿಲ್ಲ ಬುಡು” ಎಂದರು.

ನಾನು ಶಿವರುದ್ರಮ್ಮನವರ ಫೈಲಿಗೆ ಮರವನ್ನು ಮತ್ತೆ ಸೇರಿಸಿ, ಅದರ ತಲೆಯಲ್ಲಿ ಹಾಗೆಯೇ ಬರೆದೆ. ಅವಸರದಲ್ಲಿ ಎರಡು ಪದಗಳ ನಡುವೆ ಜಾಗ ಹೆಚ್ಚಾಗಿ ಬಿತ್ತು. ಮೂವರೂ ಪರದೆಯನ್ನು ನೋಡುತ್ತ ಕೂತೆವು. ಫೋನುಗಳನ್ನು ಮೇಜಿನ ಮೇಲಿಟ್ಟು ಅವು ಗುಣುಗುಟ್ಟುತ್ತವೆಯೋ ಎಂದು ಕಾದೆವು. ತಾವು ಬಂದಿರಿ, ಓದಿದಿರಿ, ಆ ಹೆಚ್ಚಿನ ಜಾಗವನ್ನೂ ಕಂಡಿರಿ, ಮುಟ್ಟದೆ ಹೋದಿರಿ. ತಮಗೆ ಎಷ್ಟು ಸಂಕಟವಾಗಿರಬೇಕೆಂದು ನಾನು ಬಲ್ಲೆ.

ಶಿವರುದ್ರಮ್ಮನವರು ಎದ್ದರು. ಮೆಟ್ಟಿಲ ಹತ್ತಿರ ನಿಂತು, ಬೀರಲಿಂಗಯ್ಯನವರಿಗೆ ಕೇಳುವಂತೆ ನನಗೆ ಹೇಳಿದರು: “ಅಟ್ಟದ ಮೇಲೆ ಮೂಲೇಲಿರೋ ನನ್ನ ಕಾಯಿ ಮೇಲೆ ಹೆಂಚು ಸೋರ್ತದೇನೋ ನೋಡಕ್ಕೇಳಪ್ಪ. ಮಳೆ ಜಾಸ್ತಿ ಆಗೈತೆ.” ಸೋಮವಾರ ಟ್ರ್ಯಾಕ್ಟರ್ ಬರಲಿಲ್ಲ. ಬೀರಲಿಂಗಯ್ಯನವರು ಏಣಿ ಹಾಕಿ ಅಟ್ಟ ಹತ್ತಿದ್ದನ್ನು ಕೆಂಚಯ್ಯ ಕಂಡನಂತೆ.

ಇಷ್ಟಾದ ಮೇಲೆ ತಮ್ಮಲ್ಲಿ ನನ್ನ ಕೆಲವು ವಿನಂತಿಗಳಿವೆ. ತಮ್ಮ ಶಕ್ತಿಗೆ ಕಾನ್ಫಿಗ್ ಫೈಲು ತೀರ ಚಿಕ್ಕ ಕ್ಷೇತ್ರ. ದಯಮಾಡಿ ಹೊರಗೆ ಬನ್ನಿ. ಬಿಸಿಲಿಗೆ ವಾಲಿರುವ ನಮ್ಮ ತೆಂಗಿನ ಮರಗಳನ್ನೆಲ್ಲ ಅಂಚಿನಿಂದ ಸಮಾನ ದೂರಕ್ಕೆ ನೆಟ್ಟಗೆ ನಿಲ್ಲಿಸಿ. ರಸ್ತೆಯ ಗುಂಡಿಗಳನ್ನು ಮುಚ್ಚುವುದು ಯಾರಿಂದಲೂ ಆಗದ ಕೆಲಸ, ಅದನ್ನು ಕೇಳುವುದಿಲ್ಲ. ಎಲ್ಲ ಗುಂಡಿಗಳನ್ನೂ ಒಂದೇ ಆಳಕ್ಕೆ ತಂದುಕೊಟ್ಟರೆ ಬೈಕಿನವರಿಗೆ ಲೆಕ್ಕ ಸಿಗುತ್ತದೆ. ಮದುವೆಮನೆಯ ಭಾಷಣಗಳಲ್ಲಿ ಎರಡನೆಯ ಸಲ ಬರುವ ಮಾತುಗಳನ್ನು ಅಳಿಸಿ; ಊಟ ಬೇಗ ಸಿಗುತ್ತದೆ. ಕೆಂಕೆರೆಗೆ ಬರುವುದಾದರೆ ಮಾತ್ರ ಒಂದು ದಿನ ಮುಂಚೆ ತಿಳಿಸಬೇಕು. ಅಲ್ಲಿ ಧನ್ಯಶ್ರೀ ಎಂಬವರಿಗೆ ಅವಳಿ ಮಕ್ಕಳಿವೆ. ತಾವು ಬದುವಿನ ಮರ ಅಳಿಸಿದ ಸುದ್ದಿ ಕೇಳಿದಾಗಿನಿಂದ ಆ ತಾಯಿ ಇಬ್ಬರಿಗೂ ಒಂದೇ ಬಣ್ಣದ ಅಂಗಿ ಹಾಕುವುದನ್ನು ನಿಲ್ಲಿಸಿದ್ದಾರೆ.

ತಮ್ಮ ಸೇವೆ ಹೀಗೆಯೇ ಮುಂದುವರಿಯಲಿ, ಆದರೆ ಬದುವಿನಿಂದ ಒಂದು ಮಾರು ದೂರದಲ್ಲಿ ಮುಂದುವರಿಯಲಿ ಎಂದು ಕೋರುತ್ತಾ,

ತಮ್ಮ ವಿಶ್ವಾಸಿ,
ಮಹಾಂತೇಶ್
ಸಾಲುಗಳ ಕಾವಲಿಗೆ ಇರುವವನು

ಮರೆತ ಮಾತು: ಈ ಪತ್ರ ಮುಗಿಸುವ ಮುನ್ನ ಕುತೂಹಲಕ್ಕೆಂದು ತಮ್ಮದೇ ನಿಯಮಗಳಿರುವ ಫೈಲನ್ನು ತೆರೆದು ನೋಡಿದೆ. ಅಲ್ಲಿ ಸಾಲುಗಳು ಸಂತೆಯಿಂದ ಮನೆಗೆ ಬರುವ ಕುರಿಗಳಂತಿವೆ. ಇರಲಿ, ಅದು ತಮ್ಮ ಮನೆಯ ವಿಷಯ. “ಎರಡು ಕಡೆ ಇರುವುದನ್ನು ಒಂದು ಕಡೆ ಅಳಿಸತಕ್ಕದ್ದು” ಎಂಬ ನಿಯಮವನ್ನು ಮಾತ್ರ ಎರಡು ಕಡೆ ಬರೆದಿದ್ದಾರೆ. ನಾನು ಯಾವುದನ್ನೂ ಮುಟ್ಟಿಲ್ಲ. ಎರಡರಲ್ಲಿ ಅಸಲು ಯಾವುದೆಂಬುದನ್ನು ತಾವೇ ನಿಧಾನವಾಗಿ ಇತ್ಯರ್ಥ ಮಾಡಿಕೊಳ್ಳಿ. ಬೆಂಚು ಬೇಕಾದರೆ ನಮ್ಮಲ್ಲಿದೆ.